ಗಿರಿಜಾಂಬಾ ಕಡೆದ ಬೆಲ್ಲದ ನೊರೆ

"ಸರೋಜಮ್ಮ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನನಗೋಸ್ಕರ ನೀವು ಒಂದು ತಿಂಡಿ ತಿನ್ನಬೇಕು."

ಕಾಂಪೌಂಡ್ ಗೋಡೆಯ ಆಚೆಯಿಂದ ಗಿರಿಜಾಂಬಾ ಹೀಗೆ ಕೇಳಿದಾಗ ನಾನು ಮೆಣಸಿನಕಾಯಿ ಒಣಗಹಾಕುತ್ತಿದ್ದೆ. ತಿನ್ನು ಅಂದರೆ ಯಾರು ಬೇಡ ಅಂತಾರೆ? ಆದರೆ ಅವರ ಮುಖ ನೋಡಿದರೆ ಕಷಾಯ ಕುಡಿಸೋಕೆ ಬಂದ ಹಾಗಿತ್ತು.

"ಅದೇನ್ರೀ ಅಂಥಾ ತಿಂಡಿ?"

"ಅಂಗಡೀದು. ಅದರೊಳಗೆ ಮೂಳೆ ಇದೆಯಂತೆ."

ಒಂಟಿಕೊಪ್ಪಲಿನಲ್ಲಿ ನಮ್ಮ ಎರಡು ಮನೆಗೂ ನಡುವೆ ಇರೋದು ಇದೊಂದೇ ಮೋಟು ಗೋಡೆ. ಅವರು ಲಿಂಗಾಯತರು, ಮಾಂಸ ಮೊಟ್ಟೆ ಮುಟ್ಟದವರು. ನಾವು ಒಕ್ಕಲು ಜನ, ಭಾನುವಾರ ಬಂದರೆ ಒಲೆ ಮೇಲೆ ಕೋಳಿ ಸಾರು ಕುದೀಬೇಕು. ಬೇರೆಯವರಾಗಿದ್ದರೆ ಕಿಟಕಿ ಮುಚ್ಚಿಕೊಳ್ಳೋರು. ನಾನು ಮದುವೆಯಾಗಿ ಬಂದ ಹೊಸತರಲ್ಲೇ ಗಿರಿಜಾಂಬಾ ಗೋಡೆ ಹತ್ತಿರ ಬಂದು ಮೂಗು ಅರಳಿಸಿ ಕೇಳಿದ್ದರು, "ಮಸಾಲೆಗೆ ಗಸಗಸೆ ಹುರಿದು ಹಾಕಿದ್ರಾ, ಹಸೀದೇ ಅರೆದ್ರಾ?" ಮಾರನೇ ವಾರ ಅದೇ ಮಸಾಲೆ ಅವರ ಮನೆಯ ಎಳೇ ಹಲಸಿನಕಾಯಿಗೆ ಬಿದ್ದಿತ್ತು. ನಮ್ಮ ಯಜಮಾನರು ಬದುಕಿದ್ದಾಗ, "ನಿನ್ನ ಸಾರಿಗೆ ಕೋಳಿ ಇಲ್ಲದ ತಂಗಿ ಹುಟ್ಟವಳೆ ನೋಡೇ" ಅಂತ ನಗೋರು.

ಬೇಕರಿ ಕೇಕಿಗೆ ಮೊಟ್ಟೆ ಹಾಕ್ತಾರೆ ಅಂತ ತಿಳಿದಾಗ ಹಳೇ ಡಬರಿಗೆ ಮರಳು ಸುರಿದು ಒಲೆ ಮೇಲಿಟ್ಟು, ಮೊಟ್ಟೆ ಬದಲು ಹಿಟ್ಟಿಗೆ ಮೊಸರು ಹಾಕಿ ಕಲಸಿ, ತಾವೇ ಕೇಕು ಸುಟ್ಟರು. ಮೊದಲನೆಯದನ್ನ ಬೀದಿನಾಯಿಯೂ ಮೂಸಲಿಲ್ಲ. ಆಮೇಲಾಮೇಲೆ ಈ ಬೀದಿಯ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಅವರದ್ದೇ ಕೇಕು. ತನಗೆ ಆಗಬಾರದ ವಸ್ತು ಕಂಡರೆ ಜನ ಮುಖ ತಿರುಗಿಸ್ತಾರೆ. ಈಯಮ್ಮ ಆ ವಸ್ತುವನ್ನೇ ತಿರುಗಿಸಿ ಮುರುಗಿಸಿ ನೋಡ್ತಾರೆ.

ಈ ಸಲ ಮಾತ್ರ ಬರೀ ಕುತೂಹಲ ಆಗಿರಲಿಲ್ಲ. ಅವರ ಮೊಮ್ಮಗಳು ಗಾರ್ಗಿ, ನಾಲ್ಕನೇ ಕ್ಲಾಸಿನ ಹುಡುಗಿ, ಗೋಕುಲಂನಲ್ಲಿರೋ ಗೆಳತಿ ರಂಜನಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಅಲ್ಲಿ ಹತ್ತಿಯುಂಡೆ ಥರದ ಒಂದು ಮಿಠಾಯಿ ಕೊಟ್ಟರಂತೆ. ಅದರ ಹೆಸರು ನನ್ನ ನಾಲಿಗೆಗೆ ಹತ್ತೋದಿಲ್ಲ, ಮಗು ಹೇಳಿದ ಹಾಗೆ ಬರೀತೀನಿ: ಮಾರ್ಶ್‌ಮೆಲ್ಲೊ. ತಿಂದು ಮುಗಿಸಿದ ಮೇಲೆ ಯಶಸ್ ಅನ್ನೋ ಹುಡುಗ ಪೊಟ್ಟಣ ಓದಿ, "ಇದರಲ್ಲಿ ಜೆಲಟಿನ್ ಇದೆ, ಮೂಳೆ ಬೇಯಿಸಿ ಮಾಡೋದು" ಅಂದುಬಿಟ್ಟ. ಬರುವ ಸೋಮವಾರ ಮಠದಲ್ಲಿ ಗಾರ್ಗಿಗೆ ಲಿಂಗದೀಕ್ಷೆ. ಮೂಳೆ ತಿಂದ ಕೈ ಲಿಂಗ ಮುಟ್ಟಬಾರದು ಅಂತ ಅವಳ ತಲೆಗೆ ಬಂತು. ಅವತ್ತಿನಿಂದ ಎಲ್ಲರ ಜೊತೆ ಊಟಕ್ಕೆ ಕೂರೋಳಲ್ಲ, ತಟ್ಟೆ ತಗೊಂಡು ಹಿತ್ತಲ ಬಾಗಿಲ ಹೊಸಿಲ ಹತ್ತಿರ ಹೋಗೋಳು. ತಾಯಿ ಬಿಂದುಶ್ರೀ ಗದರಿಸಿದರೂ ಬಾಯಿ ಬಿಡಲಿಲ್ಲ. ಅಜ್ಜಿ ಕಿವಿಯಲ್ಲಿ ಮಾತ್ರ ಹೇಳಿದ್ದಳು: "ನನಗೆ ದೀಕ್ಷೆ ಬೇಡ. ತಾತನಿಗೆ ಹೇಳಬೇಡ."

"ಬೈಯ್ದು ಕೂರಿಸಬಹುದು ಕಣ್ರೀ," ಅಂದರು ಗಿರಿಜಾಂಬಾ. "ಹೆದರಿಕೊಂಡು ಲಿಂಗ ಹಿಡಿಯೋದೂ ಒಂದು ಹಿಡಿಯೋದಾ? ಅದೇ ತಿಂಡಿ ನಮ್ಮ ಒಲೆ ಮೇಲಿಂದ ಇಳಿದು, ಲಿಂಗಕ್ಕೆ ಅರ್ಪಿತ ಆಗಿ ಅವಳ ಬಾಯಿಗೆ ಹೋದ್ರೆ, ಆ ಭಯ ಹೋಗ್ತದೆ ಅಂತ ನನಗೆ ಅನ್ನಿಸ್ತದೆ. ಆದ್ರೆ ಅದು ಹೆಂಗಿರ್ತದೆ ಅಂತ ತಿಳೀದೆ ಏನು ಮಾಡ್ಲಿ? ಅದಕ್ಕೇ ನೀವು ತಿನ್ನಿ."

ಅಂಗಡಿಯಿಂದ ತರಿಸಿಕೊಂಡು ನಮ್ಮ ಜಗಲಿ ಮೇಲೆ ಕೂತು ತಿಂದೆ. ಅವರು ಗೋಡೆಗೆ ಮೊಣಕೈ ಊರಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೆಂಗಿದೆ? ಅಗೀಬೇಕಾ?"

"ಅಗಿಯೋಕೇನೂ ಇಲ್ಲ ಕಣ್ರೀ. ಹಸುಗೂಸಿನ ಕೆನ್ನೆ ಇದ್ದಂಗದೆ. ಒತ್ತಿದ್ರೆ ಮತ್ತೆ ಉಬ್ಬತದೆ."

"ಸಿಹಿ?"

"ಬರೀ ಸಕ್ಕರೆ. ಹಿಂದೂ ಇಲ್ಲ ಮುಂದೂ ಇಲ್ಲ."

ಸಕ್ಕರೆ ಅಂದ ಕೂಡಲೇ ಕೈ ಆಡಿಸಿಬಿಟ್ಟರು. ಅವರ ಮನೆಗೆ ಸಕ್ಕರೆ ಬರೋದಿಲ್ಲ. ಸಕ್ಕರೆ ಬೆಳ್ಳಗಾಗೋಕೂ ಮೂಳೆ ಬೇಕು ಅಂತ ಅವರ ಅತ್ತೆಗೆ ಯಾರೋ ಹೇಳಿದ್ದರಂತೆ, ಆಯಮ್ಮ ಡಬ್ಬ ಸಮೇತ ಆಚೆ ಎಸೆದರಂತೆ. ಗಿರಿಜಾಂಬಾ ಅವರ ಯಜಮಾನರು ಶಿವಲಿಂಗಯ್ಯನವರಿಗೆ ಲಷ್ಕರ್ ಮೊಹಲ್ಲಾದಲ್ಲಿ ಬೆಲ್ಲದ ಮಂಡಿ ಇತ್ತು. ಬೆಲ್ಲ ಮಾರೋರ ಮನೇಲಿ ಸಕ್ಕರೆ ಬಗ್ಗೆ ಇನ್ನೇನು ಒಳ್ಳೇ ಮಾತು ಹೇಳ್ತಾರೆ ಬುಡಿ. ಕಾಫಿಗೂ ಬೆಲ್ಲವೇ.

ಮೊದಲ ದಿನ ಚೈನಾ ಗ್ರಾಸ್ ನೆನೆಹಾಕಿ ಕರಗಿಸಿದರು. ಅದು ಸಮುದ್ರದ ಪಾಚಿಯಿಂದ ಮಾಡೋ ನಾರು, ಆರಿದರೆ ಗಟ್ಟಿಯಾಗ್ತದೆ. ಬೆಲ್ಲದ ಪಾಕ ಶೋಧಿಸಿ, ಅದಕ್ಕೆ ಸೇರಿಸಿ ತಟ್ಟೆಗೆ ಸುರಿದರು. ಆಗಿದ್ದು ಮಾತ್ರ ಹಲ್ವ. ಚೆನ್ನಾಗೇನೋ ಇತ್ತು, ಆದರೆ ಒತ್ತಿದರೆ ಉಬ್ಬಲಿಲ್ಲ, ಸೀಳಿಹೋಯಿತು.

"ಒಳಗೆ ಗಾಳಿ ಇಲ್ಲ," ಅಂತ ಗಿರಿಜಾಂಬಾ ಅದನ್ನೇ ದಿಟ್ಟಿಸಿದರು. "ಗಾಳಿ ಹಿಡ್ಕೊಳ್ಳೋದು ಯಾವುದು, ಸರೋಜಮ್ಮ?"

"ಅಂಟುವಾಳದ ಕಾಯಿ. ಎಂಥಾ ನೊರೆ! ತಿಂಡಿಗೆ ತಿಂಡಿ, ತಲೆಸ್ನಾನಕ್ಕೆ ತಲೆಸ್ನಾನ."

ಅವರು ನಗಲಿಲ್ಲ. ನೊರೆ, ನೊರೆ ಅಂತ ಗೊಣಗಿಕೊಂಡು ಒಳಗೆ ಹೋದರು. ಎರಡು ದಿನ ಕಳೆದು ಬೆಳಗ್ಗೆ ಗೋಡೆ ಹತ್ತಿರ ಕೂಗು. "ಬನ್ರೀ, ಬೇಗ ಬನ್ನಿ!" ಹೋಗಿ ನೋಡಿದರೆ, ಉಸಲಿಗೆ ಕಾಬೂಲ್ ಕಡಲೆ ಬೇಯಿಸಿ ಕಟ್ಟು ಬಸಿದಿದ್ದರು. ಬಸಿದ ನೀರಿನ ಮೇಲೆ ಬೆರಳುದ್ದ ನೊರೆ ನಿಂತಿತ್ತು. "ಇಷ್ಟು ವರ್ಷ ಸೌಟಲ್ಲಿ ತೆಗೆದು ತೆಗೆದು ಚೆಲ್ಲಿದೆ ನೋಡಿ ಇದನ್ನ!"

ಆ ಕಟ್ಟನ್ನೇ ಇನ್ನಷ್ಟು ಕುದಿಸಿ, ಅರ್ಧಕ್ಕೆ ಇಳಿಸಿ, ಆರಿಸಿದರು. ನಾಲ್ಕು ಹನಿ ನಿಂಬೆರಸ ಹಿಂಡಿ ಮಜ್ಜಿಗೆ ಕಡಗೋಲಲ್ಲಿ ಕಡೆಯೋಕೆ ಶುರು ಮಾಡಿದೆವು. ಅವರ ಕೈ ಸೋತರೆ ನಾನು, ನನ್ನ ರಟ್ಟೆ ಸೋತರೆ ಅವರು. ಮೊದಲು ಸೋಪಿನ ನೀರಿನ ಹಾಗೆ, ಆಮೇಲೆ ಹಾಲಿನ ನೊರೆ ಹಾಗೆ, ಕೊನೆಗೆ ಬೆಣ್ಣೆ ತೇಲಿದ ಹಾಗೆ ಬೆಳ್ಳಗೆ ಎದ್ದು ನಿಂತಿತು. ಕಡಗೋಲು ಎತ್ತಿದರೆ ಗೋಪುರ! ಬಿಸಿ ಬೆಲ್ಲದ ಪಾಕಕ್ಕೆ ಚೈನಾ ಗ್ರಾಸ್ ಕರಗಿಸಿ ನೂಲಿನ ಹಾಗೆ ಸುರಿಯುತ್ತಾ ಮತ್ತೆ ಕಡೆದೆವು. ಬಿಳಿ ನೊರೆ ಕೆನೆ ಕಾಫಿ ಬಣ್ಣಕ್ಕೆ ತಿರುಗಿತು.

ನಾನು ತಡೆಯಲಾರದೆ ಬೆರಳು ಅದ್ದೋಕೆ ಹೋದೆ. ಕೈಗೆ ಪಟ್ ಅಂತ ಬಿತ್ತು.

"ಎಂಜಲು ಮಾಡಬೇಡ್ರೀ!"

ಅದು ಆ ಮನೆಯ ಪದ್ಧತಿ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಮೊದಲು ಅದಕ್ಕೆ ಅರ್ಪಿಸಿ, ಆಮೇಲೆ ಬಾಯಿಗೆ. ಒಲೆ ಮುಂದೆ ಉಪ್ಪು ಖಾರ ನೋಡೋದು ಅನ್ನೋದೇ ಇಲ್ಲ. ಬಣ್ಣ ನೋಡಿ, ವಾಸನೆ ಹಿಡಿದು, ಕುದಿಯೋ ಸದ್ದು ಕೇಳಿ ಅಡುಗೆ ಇಳಿಸೋರು ಗಿರಿಜಾಂಬಾ. ಅಲ್ಲೀವರೆಗೆ ಒಂದು ದಿನವೂ ಕೈ ತಪ್ಪಿದ್ದು ನಾನು ಕಂಡಿರಲಿಲ್ಲ.

ಸಂಜೆ ಹೊತ್ತಿಗೆ ಹುರಿದ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ತುಂಡು ಮಾಡಿದರು. ಒತ್ತಿದರೆ ಉಬ್ಬಿತು! ನನ್ನನ್ನೂ ಕರೆದಿದ್ದರು. ಪೂಜೆ ಆಯಿತು, ಅರ್ಪಿಸಿದ್ದಾಯಿತು. ಗಾರ್ಗಿ ತಟ್ಟೆ ಹಿಡಿದು ಹೊಸಿಲ ಹತ್ತಿರವೇ ಕೂತಿದ್ದಳು. ಮೊದಲ ತುಂಡು ಶಿವಲಿಂಗಯ್ಯನವರು ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದ ದವಡೆ ನಿಂತುಹೋಯಿತು. ಹುಬ್ಬು ಮೇಲಕ್ಕೆ ಹೋದವು, ಕಣ್ಣು ಮುಚ್ಚಿಕೊಂಡವು.

"ಗಿರಿಜಾ, ಇದು ಉಪ್ಪಿನಕಾಯಿ ಜಾತೀದೇನೆ?"

ಉಸಲಿಗೆ ಅಂತ ಬೇಯಿಸಿದ ಕಡಲೆ. ಕೈ ತನ್ನ ಪಾಡಿಗೆ ತಾನು ಉಪ್ಪು ಹಾಕಿಬಿಟ್ಟಿತ್ತು. ಅರ್ಧಕ್ಕೆ ಇಳಿಸಿದ್ದರಿಂದ ಅದು ಇನ್ನೂ ಏರಿತ್ತು. ತಾತನ ಮುಖ ನೋಡಿ ಗಾರ್ಗಿಗೆ ಕಿಸಕ್ ಅಂತ ನಗು ಬಂತು. ಅಷ್ಟು ದಿನಕ್ಕೆ ಅದೇ ಮೊದಲು.

ಗಿರಿಜಾಂಬಾ ಮಾತ್ರ ಬೆಪ್ಪಾಗಿ ನಿಂತರು. "ಅಯ್ಯೋ ಶಿವನೇ, ಲಿಂಗಕ್ಕೆ ಉಪ್ಪು ಮುಕ್ಕಿಸಿಬಿಟ್ಟೆನಲ್ಲಾ!"

ಹುಡುಗಿಯ ನಗು ನಿಂತಿತು. "ಅಜ್ಜಿ, ಹಂಗಾದ್ರೆ ಇನ್ಮೇಲೆ ನೀನೂ ಲಿಂಗ ಮುಟ್ಟೋ ಹಾಗಿಲ್ವಾ?"

"ಯಾಕೆ ಮುಟ್ಟಬಾರದು? ಗೊತ್ತಿಲ್ಲದೆ ಆಯ್ತು ಕಣೆ ಪುಟ್ಟಿ."

ಗಾರ್ಗಿ ತಟ್ಟೆಯ ಅಂಚು ಸವರಿದಳು. "ನಂಗೂ ಗೊತ್ತಿರ್ಲಿಲ್ಲ," ಅಂದಳು.

"ಏನು ಗೊತ್ತಿರ್ಲಿಲ್ಲ?" ಅಂದರು ತಾತ.

ಗಿರಿಜಾಂಬಾ ನನ್ನ ಮುಖ ನೋಡಿದರು. ನಾನು ಸೀರೆ ಸೆರಗು ಸರಿಮಾಡಿಕೊಂಡೆ. ಮಗುವೇ ಹೇಳಿತು. ಹುಟ್ಟುಹಬ್ಬ, ಪೊಟ್ಟಣ, ಮೂಳೆ, ಎಲ್ಲ. ಹೇಳಿ ಮುಗಿಸೋ ಹೊತ್ತಿಗೆ ಕಣ್ಣಲ್ಲಿ ನೀರು.

ಶಿವಲಿಂಗಯ್ಯನವರು ಸಿಟ್ಟಿನ ಮನುಷ್ಯ. ಮಂಡಿಯಲ್ಲಿ ಅವರು ಕೆಮ್ಮಿದರೆ ಹಮಾಲರು ಬೀಡಿ ಆರಿಸ್ತಿದ್ದರಂತೆ. ಈಗ ತಟ್ಟೆಯಿಂದ ಇನ್ನೊಂದು ತುಂಡು ಎತ್ತಿಕೊಂಡರು. ಮುಖ ಕಿವುಚಿಕೊಂಡೇ ನುಂಗಿದರು. ಅರ್ಪಿತ ಆದದ್ದನ್ನ ಆ ಮನೇಲಿ ಚೆಲ್ಲೋ ಹಾಗಿಲ್ಲ.

"ನಿಮ್ಮಜ್ಜಿಗೆ ಉಪ್ಪು ಗೊತ್ತಾಗ್ಲಿಲ್ಲ, ನಿನಗೆ ಮೂಳೆ ಗೊತ್ತಾಗ್ಲಿಲ್ಲ. ಈಗ ಅಷ್ಟು ದೂರ ಕೂತ್ರೆ ಇದನ್ನೆಲ್ಲ ತಿನ್ನೋರು ಯಾರು? ನನ್ನೊಬ್ಬನ ಕೈಲಿ ಸೋಮವಾರದ ಹೊತ್ತಿಗೂ ಮುಗಿಯಲ್ಲ."

ಗಾರ್ಗಿ ಎದ್ದಳು. ಸ್ಟೀಲ್ ತಟ್ಟೆಯನ್ನ ನೆಲದ ಮೇಲೆ ಸರ್ರನೆ ಎಳೆದುಕೊಂಡು ಬಂದು ತಾತನ ಪಕ್ಕ ಕೂತಳು. ಒಂದು ಕಚ್ಚಿ, "ಥೂ" ಅಂದು, ನಕ್ಕು, ಮತ್ತೆ ಕಚ್ಚಿದಳು.

ಸೋಮವಾರ ಮಠಕ್ಕೆ ಹೋಗಿ ಬಂದರು. ಅದಾದ ವಾರದೊಳಗೇ ಒಂದು ಬೆಳಗ್ಗೆ ಗೋಡೆ ಮೇಲೆ ಒಂದು ಬಟ್ಟಲು ಕಾಣಿಸಿತು, ಅದರ ಹಿಂದೆ ತುದಿಗಾಲಲ್ಲಿ ನಿಂತ ಗಾರ್ಗಿ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಹೊಳೀತಿತ್ತು.

"ಸರೋಜಜ್ಜಿ, ಅಜ್ಜಿ ಮತ್ತೆ ಕಡೆದವ್ಳೆ. ಇನ್ಮೇಲೆ ನಾನೂ ಮೊದಲೇ ರುಚಿ ನೋಡೋ ಹಾಗಿಲ್ಲ. ನಿಮಗೆ ಬೇರೆ ತೆಗೆದಿಟ್ಟು ತಂದಿದೀನಿ. ಉಪ್ಪಿದೆಯಾ ನೋಡಿ."

ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಡುಗೆಮನೆ ಕಿಟಕಿಯಲ್ಲಿ ಗಿರಿಜಾಂಬಾ, ಗೋಡೆ ಹತ್ತಿರ ಮೊಮ್ಮಗಳು, ಇಬ್ಬರೂ ನನ್ನ ಹುಬ್ಬನ್ನೇ ನೋಡುತ್ತಿದ್ದರು.

ನಾನೂ ಬೇಗ ಹೇಳಲಿಲ್ಲ ಬುಡಿ.