ಇಟಲಿಯ ಕಾರು ಮತ್ತು ಹದಿನಾರನೇ ಹೆಜ್ಜೆ

1964ರಲ್ಲಿ ನಾನು ಹುಬ್ಬಳ್ಳಿಯ ಒಂದು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದೆ. ವಯಸ್ಸು ಇಪ್ಪತ್ತೇಳು. ಮೈಮೇಲೆ ಖಾಕಿ ಅಂಗಿ, ಕಿಸೆಯಲ್ಲಿ ಸಂದು ಅಳೆಯುವ ಫೀಲರ್ ಗೇಜ್, ತಲೆಯ ತುಂಬ ಗರ್ವ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲೆ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದ ಕಾಲ ಅದು. ಮುಂದೆ ಅದೇ ಇಲಾಖೆಯಲ್ಲಿ ಫೋರ್‌ಮನ್ ಆಗಿ ನಿವೃತ್ತನಾದೆ. ಬಿಚ್ಚಿ ಜೋಡಿಸಿದ ಇಂಜಿನ್ನುಗಳನ್ನು ಎಣಿಸಿಟ್ಟಿಲ್ಲ. ಆದರೆ ನಿನ್ನ ಸರ್ವೀಸಿನಲ್ಲಿ ಮರೆಯದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಡಿಪೋದ ಹೊರಗೆ, ನನ್ನ ಹುಟ್ಟೂರು ಅಮ್ಮಿನಬಾವಿಯ ಹುಣಸೆಮರದ ಕೆಳಗೆ ಮಾಡಿದ ಒಂದು ಕೆಲಸವನ್ನೇ ಹೇಳುತ್ತೇನೆ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸುಶೀಲಾಬಾಯಿ ಎಂಬ ಹೆರಿಗೆ ಡಾಕ್ಟರ್ ಇದ್ದರು. ಎಲ್ಲರೂ ಅವರನ್ನು ಡಾಕ್ಟರ್‌ಬಾಯಾರು ಎನ್ನುತ್ತಿದ್ದರು. ಅವರ ತಂದೆ ಬಿಟ್ಟುಹೋದ ಒಂದು ಇಟಲಿಯ ಕೂಪೆ ಕಾರು ಅವರ ಬಳಿ ಇತ್ತು. ಕೂಪೆ ಎಂದರೆ ಎರಡೇ ಬಾಗಿಲಿನ, ಹಿಂಭಾಗ ಇಳಿಜಾರಾದ ಸಣ್ಣ ಕಾರು. ಎರಡನೇ ಮಹಾಯುದ್ಧಕ್ಕೂ ಮುಂಚಿನದು, ಬಣ್ಣ ಕಡುನೀಲಿ. ಪ್ರತಿ ಮಂಗಳವಾರ ಬಾಯಾರು ತಾವೇ ಅದನ್ನು ನಡೆಸಿಕೊಂಡು ಧಾರವಾಡದ ಮಾರ್ಗವಾಗಿ ಅಮ್ಮಿನಬಾವಿಗೆ ಬಂದು, ಬಸನಗೌಡರ ತೋಟದ ಮನೆಯ ಪಡಸಾಲೆಯಲ್ಲಿ ಬಸುರಿಯರನ್ನು, ಬಾಣಂತಿಯರನ್ನು ನೋಡುತ್ತಿದ್ದರು. ಸುತ್ತಲಿನ ಹಳ್ಳಿಗಳ ಹೆಂಗಸರು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಂಗಳವಾರ ಕಾರು ಕುದಿಯುತ್ತಾ, ಬಾನೆಟ್ಟಿನಿಂದ ಹಬೆ ಬಿಡುತ್ತಾ ಗೌಡರ ಅಂಗಳಕ್ಕೆ ಬಂತು. ಬಾಯಾರು ರೋಗಿಗಳ ಕಡೆ ಓಡಿದರು. ಗೌಡರು ಬಾವಿಯಿಂದ ಆಗತಾನೇ ಸೇದಿದ ತಣ್ಣೀರನ್ನು ಎರಡು ಕೊಡ ತಂದು, ಬಾನೆಟ್ ಎತ್ತಿ, ಇಂಜಿನ್ನಿನ ಬಾಯಿಗೂ ಮೈಗೂ ಸುರಿದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೋ ಅದೇ ಆಯಿತು. ಇಂಜಿನ್ನಿನ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಮುಖ್ಯ ಗಟ್ಟಿ, ನಾಲ್ಕು ಬೆರಳುದ್ದ ಸೀಳಿತು.

ಗೌಡರು ನನ್ನೆದುರು ಹೇಳಿದ್ದು ಇಷ್ಟು: "ಬಿಸಲಾಗ ಬಂದಾವ್ರಿಗೆ ಮೊದ್ಲ ನೀರು ಕೊಡೂದು ನಮ್ಮ ಪದ್ಧತಿ. ಕಾರಿಗೂ ಕೊಟ್ಟೆ. ಅದು ಹಿಂಗ ಎದಿ ಒಡಕೋತದಂತ ನನಗೇನ್ ಗೊತ್ತು?"

ಆಮೇಲೆ ಐದು ಮಂಗಳವಾರ ಡಾಕ್ಟರು ಬರಲಿಲ್ಲ. ಬಸ್ಸಿನಲ್ಲಿ ಬಂದರೆ ಹೋಗುವುದಕ್ಕೂ ಬರುವುದಕ್ಕೂ ಇಡೀ ದಿನ ಬೇಕು. ಕೇಶ್ವಾಪುರದ ದವಾಖಾನೆಯಲ್ಲಿ ಅಷ್ಟು ಹೊತ್ತು ಅವರಿಲ್ಲದೆ ನಡೆಯುವಂತಿರಲಿಲ್ಲ. ಇದು ನನಗೆ ಬರೀ ಊರಿನ ಸುದ್ದಿಯಾಗಿರಲಿಲ್ಲ. ತಂಗಿ ಶಾಂತವ್ವ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಮೊದಲ ಕೂಸು, ನೋವು ಬಂದ ಅವಳನ್ನು ಚಕ್ಕಡಿ ಗಾಡಿಯಲ್ಲಿ ಧಾರವಾಡದ ದವಾಖಾನೆಗೆ ಒಯ್ಯುವಾಗ, ದಾರಿಯಲ್ಲೇ ಹೋಗಿತ್ತು. ಈ ಸಲ ಬಾಯಾರು ನೋಡಿಕೊಳ್ಳುತ್ತಾರೆಂಬ ಧೈರ್ಯದ ಮೇಲೆ ಅವಳಿದ್ದಳು.

ಹಾಗಾಗಿ ನಾನೇ ಕೇಶ್ವಾಪುರಕ್ಕೆ ಹೋಗಿ ವಿಚಾರಿಸಿದೆ. ಬೆಳಗಾವಿ ರಸ್ತೆಯಲ್ಲಿ ಪಲ್ಟಿಯಾದ ಒಂದು ಟ್ಯಾಕ್ಸಿಯ ಇಂಜಿನ್ನನ್ನು ಬಾಯಾರು ಆಗಲೇ ಗೊತ್ತುಮಾಡಿದ್ದರು. ಅದೇ ಇಟಲಿ ಮನೆತನದ್ದು, ಆದರೆ ಮುಂಬೈಯಲ್ಲಿ ಜೋಡಿಸಿದ ಹೊಸ ಮಾದರಿ. ಅದನ್ನು ಹಳೆಯ ಕಾರಿಗೆ ಕೂಡಿಸುವವರೇ ಸಿಕ್ಕಿರಲಿಲ್ಲ.

"ಮೂರು ಗ್ಯಾರೇಜಿನವರು ಆಗೂದಿಲ್ಲ ಅಂದಾರ್ರೀ. ನಿಮ್ಮ ಕೈಲೆ ಆಗ್ತದೇನು? ಖರೇ ಹೇಳ್ರಿ."

"ಆಗ್ತದರಿ ಬಾಯಾರ," ಎಂದುಬಿಟ್ಟೆ. ಯೋಚಿಸಲೂ ಇಲ್ಲ.

"ಈ ತಿಂಗಳ ಕಡೀ ಬುಧವಾರ ಹಳೇ ಕಾರ್ ಕೊಳ್ಳೂ ದಲಾಲ ಮುಂಬೈದಿಂದ ಬರ್ತಾನ. ಅಷ್ಟರಾಗ ಕಾರ್ ನಡದ್ರ ಇಟ್ಕೋತೇನಿ. ಇಲ್ಲಂದ್ರ ಕೊಟ್ಟುಬಿಡ್ತೇನಿ. ಆಮ್ಯಾಲೆ ಅಮ್ಮಿನಬಾವಿಗೆ ಬರೂದು ಮುಗದಂಗ."

ಡಿಪೋ ಮ್ಯಾನೇಜರರಿಂದ ಬರಹದ ಅನುಮತಿ ಪಡೆದು ಹನ್ನೆರಡು ದಿನ ರಜೆ ಹಾಕಿದೆ. ಶುಕ್ರವಾರ ಶುರುಮಾಡಿದರೆ ಹನ್ನೆರಡನೆಯ ದಿನ, ದಲಾಲ ಬರುವ ಹಿಂದಿನ ದಿನದ ಮಂಗಳವಾರ. ಕಾರನ್ನು ಹುಬ್ಬಳ್ಳಿಗೆ ಎಳೆದು ತರುವ ಬದಲು ಗೌಡರ ಅಂಗಳದಲ್ಲೇ ಕೆಲಸ ಮಾಡುವುದೆಂದಾಯಿತು. ಅಲ್ಲಿ ಗಟ್ಟಿ ಹುಣಸೆಮರವಿತ್ತು, ತಪ್ಪಿತಸ್ಥರಾದ ಗೌಡರಿದ್ದರು, ಅವರ ಕಪಿಲೆ ಎತ್ತುಗಳಿದ್ದವು.

ಕಪಿಲೆಯನ್ನು ಇಂದಿನವರು ನೋಡಿರಲಿಕ್ಕಿಲ್ಲ. ಬಾವಿಯ ಪಕ್ಕ ಇಳಿಜಾರು ದಾರಿ. ಎತ್ತುಗಳು ಹಗ್ಗ ಎಳೆಯುತ್ತಾ ಅದರಲ್ಲಿ ಇಳಿದರೆ ದೊಡ್ಡ ತೊಗಲಿನ ಚೀಲ ತುಂಬಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಆಮೇಲೆ ಎತ್ತುಗಳು ಹಿಂಬದಿಯಾಗಿ ನಡೆದು ಮೇಲೆ ಬರುತ್ತವೆ, ಚೀಲ ಬಾವಿಗಿಳಿಯುತ್ತದೆ. ಆ ಚೀಲ ಹೊಲಿಯುವುದೇ ನನ್ನ ಅಪ್ಪ ಫಕೀರಪ್ಪನ ಕಸುಬು. ಅಮ್ಮಿನಬಾವಿಯ ಮುಕ್ಕಾಲು ಬಾವಿಗಳಿಗೆ ಅವನ ಕೈ ಹೊಲಿಗೆಯೇ. ಇದನ್ನು ನಾನು ಡಿಪೋದಲ್ಲಿ ಯಾರಿಗೂ ಹೇಳಿರಲಿಲ್ಲ. ಸರ್ವೀಸ್ ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ವ್ಯವಸಾಯ' ಎಂದು ಬರೆದಿದ್ದೆ. ನಮಗೆ ಒಂದು ಗುಂಟೆ ನೆಲವೂ ಇರಲಿಲ್ಲ.

ಡಿಪೋದ ಸಾಮಾನು ಹೊರಗೆ ತರುವಂತಿರಲಿಲ್ಲ. ಹುಬ್ಬಳ್ಳಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಎತ್ತುವ ಜೋಡು ಪುಲ್ಲಿಗಳನ್ನು ಕೇಳಿ ತಂದೆ. ಮರದ ಕೊಂಬೆಗೆ ಅದನ್ನು ಕಟ್ಟಿ, ಹಗ್ಗದ ತುದಿಯನ್ನು ಎತ್ತುಗಳ ನೊಗಕ್ಕೆ ಬಿಗಿದರೆ, ಎತ್ತು ನಾಲ್ಕು ಅಡಿ ನಡೆದಾಗ ಇಂಜಿನ್ ಒಂದೇ ಅಡಿ ಏರುತ್ತದೆ. ನಿಧಾನ, ಹಿಡಿತದ ಕೆಲಸ. ಎತ್ತುಗಳ ಶಕ್ತಿ ಎಷ್ಟು, ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತವೆ, ಬೆದರುತ್ತವೆಯೇ ಎಂದೆಲ್ಲ ಗೌಡರನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡೆ. ಗೌಡರು ನಗುತ್ತಾ ಉತ್ತರಿಸಿದರು.

ಮೂರನೆಯ ದಿನ ಹಳೆಯ ಇಂಜಿನ್ ಮೇಲೆದ್ದು ಹೊರಬಂತು. ಎತ್ತುಗಳು ಒಂಬತ್ತು ಹೆಜ್ಜೆ ನಡೆದಿದ್ದವು, ಅಷ್ಟೇ. ಊರಿನವರು ಹೋ ಎಂದರು. ಹೊಸದರ ಗೇರ್‌ಬಾಕ್ಸು ಹಳೆಯದಕ್ಕಿಂತ ಎರಡೂಕಾಲು ಇಂಚು ಉದ್ದ. ಹಿಂದಿನ ಗಾಲಿಗೆ ತಿರುವು ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟನ್ನು ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಅಷ್ಟೇ ಕತ್ತರಿಸಿ ಬೆಸೆಯಿಸಿ ತಂದೆ. ಎಲ್ಲ ನನ್ನ ಅಂದಾಜಿನಂತೆಯೇ ಸಾಗಿತ್ತು. ಅಪ್ಪ ದಿನಾ ಮಧ್ಯಾಹ್ನ ರೊಟ್ಟಿಯ ಗಂಟು ತಂದು ಗೌಡರ ಬೇಲಿಯ ಹೊರಗೆ ನಿಂತು ಕೊಡುತ್ತಿದ್ದ. ನಾನು ಖಾಕಿ ತೊಟ್ಟು ಒಳಗೆ, ಅವನು ಹೊರಗೆ. ರೊಟ್ಟಿ ಕೊಟ್ಟ ಮೇಲೂ ಬಹಳ ಹೊತ್ತು ನಿಂತು ನೋಡುತ್ತಿದ್ದ.

ಆರನೆಯ ದಿನ, ಬುಧವಾರ, ಹೊಸ ಇಂಜಿನ್ ಇಳಿಸಬೇಕು. ಇದನ್ನು ಗೇರ್‌ಬಾಕ್ಸ್ ಸಮೇತ, ಮೂತಿ ಮೇಲೆ ಮಾಡಿ, ಕಾರಿನ ಮುಂಭಾಗದ ಮೇಲಿನಿಂದ ದಾಟಿಸಿ ಒಳಗೆ ತೂರಿಸಬೇಕಾಗಿತ್ತು. ಆದ್ದರಿಂದ ಮೊದಲಿಗಿಂತ ಎತ್ತರಕ್ಕೆ ಎತ್ತಬೇಕು. ಎತ್ತುಗಳು ನಡೆದವು. ಇಂಜಿನ್ ಏರಿತು, ದಾಟಿತು. ಗೇರ್‌ಬಾಕ್ಸಿನ ಬಾಲ ಒಳಗೆ ಹೊಕ್ಕಿತು. "ಇನ್ನೊಂದು ಗೇಣು ಏರಸ್ರಿ ಗೌಡ್ರ!" ಎಂದು ಕೂಗಿದೆ. ಎತ್ತುಗಳು ಇನ್ನೆರಡು ಹೆಜ್ಜೆ ಇಟ್ಟು ಗಕ್ಕನೆ ನಿಂತವು. ಗೌಡರ ಕಣ್ಣೂ ನಮ್ಮ ಹಾಗೆ ಇಂಜಿನ್ನಿನ ಮೇಲಿತ್ತು. ಎತ್ತುಗಳು ಶಾಂತವಾಗಿ, ಯಾರೂ ಹೇಳದೆ, ಹಿಂದಕ್ಕೆ ನಡೆಯತೊಡಗಿದವು.

ನಾವೆಲ್ಲ ಚೀರಿದೆವು. ಚೀರಿದ್ದಕ್ಕೆ ಅವು ಇನ್ನೂ ಬೇಗ ಹಿಂದೆ ಬಂದವು. ಸುಮಾರು ನೂರೈವತ್ತು ಕಿಲೋ ತೂಕ ಓರೆಯಾಗಿ ಕೆಳಗಿಳಿದು ಒಂದೇ ಕಡೆ ಚಾಸಿಯ, ಅಂದರೆ ಕಾರಿನ ಅಡಿ ಚೌಕಟ್ಟಿನ, ಅಡ್ಡಪಟ್ಟಿಗೆ ಬಡಿಯಿತು. ಟಕ್ ಎಂಬ ಸಣ್ಣ ಸದ್ದು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೆಲ್ ಹೌಸಿಂಗ್ ಎಂಬ ಅಲ್ಯೂಮಿನಿಯಂ ಕವಚ ಇರುತ್ತದೆ. ಅದನ್ನು ಚಾಸಿಗೆ ಕೂಡಿಸುವ ಕಿವಿ ಮುರಿದು ನನ್ನ ಕಾಲ ಬಳಿ ಬಿತ್ತು. ನನ್ನ ಹೆಬ್ಬೆರಳೂ ಜಜ್ಜಿತ್ತು. ಅದು ಗೊತ್ತಾದದ್ದು ಆಮೇಲೆ.

"ಏನ್ ಮಾಡಿದ್ವು ಗೌಡ್ರ, ನಿಮ್ಮ ಎತ್ತು!"

"ಅವೇನ್ ಮಾಡ್ಯಾವೋ? ಹದಿನಾರು ಹೆಜ್ಜಿಗೆ ಚೀಲ ಮ್ಯಾಲೆ ಬರ್ತದ. ಆಮ್ಯಾಲೆ ಹಿಂದಕ್ಕ ಬರಬೇಕು. ಎಂಟು ವರ್ಷದಿಂದ ಹಂಗ ಮಾಡ್ಯಾವು, ಇವತ್ತೂ ಹಂಗ ಮಾಡಿದ್ವು."

"ಮೊದ್ಲ ಹೇಳಬಾರದಾಗಿತ್ತೇನ್ರಿ?"

"ನೀ ಎಲ್ಲಿ ಕೇಳಿದಿ? ಶಕ್ತಿ ಎಷ್ಟಂತ ಕೇಳಿದಿ, ಹೇಳಿದೆ."

ಸಿಟ್ಟು ಬಂತು, ಎತ್ತಿನ ಮೇಲೋ ಗೌಡರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಶಾಂತವ್ವ ಎದ್ದು ಮನೆಗೆ ಹೋದಳು. ಅದನ್ನು ನೋಡಿದಾಗ ಮಾತ್ರ ನಿಜಕ್ಕೂ ಹೆದರಿದೆ.

ಅಲ್ಯೂಮಿನಿಯಂ ಬೆಸೆಯುವವರು ಆಗ ನನಗೆ ಗೊತ್ತಿದ್ದ ಮಟ್ಟಿಗೆ ಹುಬ್ಬಳ್ಳಿಯಲ್ಲಿರಲಿಲ್ಲ. ಹೊಸ ಕವಚ ಮುಂಬೈಯಿಂದ ಬರಲು ತಿಂಗಳು ಬೇಕು. ಎರಡು ದಿನ ಊರ ಕಮ್ಮಾರನ ಕುಲುಮೆಯ ಮುಂದೆ ಕೂತು ದಪ್ಪ ಉಕ್ಕಿನ ಪಟ್ಟಿಯೊಂದನ್ನು ತೊಟ್ಟಿಲಿನಂತೆ ಬಗ್ಗಿಸಿಕೊಂಡೆ. ಕವಚದ ಉಳಿದ ನಾಲ್ಕು ಬೋಲ್ಟುಗಳಿಗೆ ಅದನ್ನು ಕಟ್ಟಿ ಅಡ್ಡಪಟ್ಟಿಯ ಮೇಲೆ ಕೂಡಿಸಿದರೆ ಕಿವಿಯ ಕೆಲಸ ಅದು ಮಾಡುತ್ತದೆ. ಈ ಸಲ ಗೌಡರೇ ಮುಂದಾಗಿ ಹಗ್ಗದ ಸಡಿಲನ್ನೆಲ್ಲ ಮೊದಲೇ ಎಳೆಸಿ, ಹದಿನಾಲ್ಕನೇ ಹೆಜ್ಜೆಗೆ ಎತ್ತುಗಳನ್ನು ನಿಲ್ಲಿಸಿ, ಹಗ್ಗವನ್ನು ಮರದ ಬೊಡ್ಡೆಗೆ ಮೂರು ಸುತ್ತು ಹಾಕಿದರು. ಇಂಜಿನ್ ಕೂತಿತು.

ಒಂಬತ್ತನೆಯ ದಿನ ಸ್ಟಾರ್ಟ್ ಮಾಡಿದೆ. ಇಂಜಿನ್ನೇನೋ ಚೆನ್ನಾಗಿ ಎದ್ದಿತು. ಆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಇಡೀ ಕಾರು ಗಡಗಡ ನಡುಗಿತು. ಅರ್ಧ ತಾಸಿನಲ್ಲಿ ಬೋಲ್ಟುಗಳು ಸಡಿಲಾದವು. ಇಂಜಿನ್ನಿನ ಅದುರು ಚಾಸಿಗೆ ತಾಗದಂತೆ ನಡುವೆ ಮೌಂಟಿಂಗ್ ಎಂಬ ಮೆತ್ತೆ ಬೇಕು. ಕಾರ್ಖಾನೆಯದು ರಬ್ಬರಿನದು, ಈ ತೊಟ್ಟಿಲಿಗೆ ಹೊಂದುವುದಿಲ್ಲ. ಲಾರಿಯ ಟ್ಯೂಬು ಮಡಿಸಿಟ್ಟೆ, ಹಿಂಡಿಹೋಯಿತು. ಬಸ್ಸಿನ ಟೈರಿನ ತುಂಡು ಇಟ್ಟೆ, ಕಲ್ಲಿನಷ್ಟೇ ಗಟ್ಟಿ.

ಮಧ್ಯಾಹ್ನ ಬೇಲಿಯ ಬಳಿ ರೊಟ್ಟಿ ಗಂಟು ಇಸಿದುಕೊಳ್ಳುವಾಗ ಗೌಡರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನೀ ಎಲ್ಲಿ ಕೇಳಿದಿ? ಒಂಬತ್ತು ದಿನದಿಂದ ಅಪ್ಪ ಇಲ್ಲೇ ನಿಂತಿದ್ದ. ಅವನನ್ನು ನಾನು ಏನನ್ನೂ ಕೇಳಿರಲಿಲ್ಲ.

"ಅಪ್ಪಾ, ನಿನಗೇನರ ಹೊಳೀತದೇನು?"

ಅಪ್ಪ ಉತ್ತರ ಸಿದ್ಧವಾಗಿಟ್ಟುಕೊಂಡೇ ಇದ್ದ. "ಟೈರ್ ನೆಲಾ ಬಡೀಲಿಕ್ಕೆ ಐತಿ ತಮ್ಮಾ. ಇಲ್ಲಿ ಭಾರಾನೂ ಹೊರಬೇಕು, ಗುದ್ದೂ ನುಂಗಬೇಕು. ಕಪಿಲಿ ಚೀಲದ ಬಾಯಿಗೆ ಕಬ್ಬಣದ ಬಳೆ ಕೂಡಸೂ ಮುಂದ ನಾ ನಾಕ್ ಪದರ ತೊಗಲು ಇಡ್ತೇನಿ. ಇಲ್ಲಂದ್ರ ಬಳೆ ಚೀಲಾನ ಹರಿದು ಬಿಡ್ತದ. ಅದನ್ನ ಹಾಕು."

"ಮತ್ತ ಇಷ್ಟೊತ್ತನಕಾ ಯಾಕ ಸುಮ್ಮನಿದ್ದಿ?"

"ನೀ ದೊಡ್ಡ ಮಿಸ್ತ್ರಿ. ನಾ ಹೆಂಗ ನಡುವ ಬಾಯಿ ಹಾಕ್ಲಿ?"

ಹತ್ತನೆಯ ದಿನ ಅಪ್ಪ ಎಮ್ಮೆಯ ತೊಗಲನ್ನು ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ನೆನೆಸಿ ತಂದ. ಎಂದಿನಂತೆ ಬೇಲಿಯ ಹೊರಗೆ ಕುಕ್ಕುರುಗಾಲಲ್ಲಿ ಕೂತು ಕತ್ತರಿಸಲು ಶುರುಮಾಡಿದ. ಗೌಡರು ನೋಡಿದರು. "ಫಕೀರಪ್ಪಾ, ಒಳಗ ಬಾರೋ. ಇಂಜಿನ್ ಇಲ್ಲಿ, ನೀ ಅಲ್ಲಿ. ಅಳತಿ ಹೆಂಗ ತಗೋತಿ?" ಎಂದರು. ಅಪ್ಪ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಉಳಿ, ದಾರದುಂಡೆ ಎತ್ತಿಕೊಂಡು ಬೇಲಿ ದಾಟಿ ಬಂದು ಕಾರಿನ ಕೆಳಗೆ ಮಲಗಿದ. ನಾನು ಟಾರ್ಚ್ ಹಿಡಿದೆ. ನಾಲ್ಕು ಪದರಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಇಟ್ಟು ಹೊಲಿದ. ಆ ಹೊಲಿಗೆಯನ್ನು ಚಿಕ್ಕಂದಿನಿಂದ ನೋಡಿದ್ದೆ. ಹತ್ತಿರದಿಂದ ನೋಡಿದ್ದು ಅಂದೇ.

ಸೋಮವಾರ ಇಂಜಿನ್ ಚಾಲೂ ಮಾಡಿ ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಟ್ಟೆ. ನೀರು ಬರೀ ಗೆರೆಗೆರೆಯಾಯಿತು, ಚೆಲ್ಲಲಿಲ್ಲ. ಧಾರವಾಡದವರೆಗೆ ಹೋಗಿ ಬಂದೆ. ಒಂದು ಬೋಲ್ಟೂ ಸಡಿಲಾಗಿರಲಿಲ್ಲ.

ಮಂಗಳವಾರ ಬಾಯಾರು ಬಸ್ಸಿನಲ್ಲಿ ಬಂದರು. ಊರ ಸುತ್ತ ಒಂದು ಸಲ ಕಾರು ನಡೆಸಿ ಇಳಿದರು. ಸೀರೆಯ ಸೆರಗು ಸಿಕ್ಕಿಸಿಕೊಂಡು ಕೆಳಗೆ ಬಗ್ಗಿ ನೋಡಿ ಕೇಳಿದರು, "ಈ ತೊಗಲಿನ ಕೆಲಸ ಯಾರು ಮಾಡ್ಯಾರ್ರೀ?"

'ನಮ್ಮೂರಾಗ ಒಬ್ಬರು' ಎನ್ನುವ ಮಾತು ತುಟಿಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅಪ್ಪ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದ.

"ನಮ್ಮಪ್ಪ ರೀ. ಕಪಿಲಿ ಚೀಲ ಹೊಲೀತಾರ," ಎಂದೆ.

"ಹೌದೇನು? ಹಂಗಾದ್ರ ಅವರನ್ನ ಮೊದ್ಲ ಕೂಡಸ್ರಿ," ಎಂದ ಬಾಯಾರು ಬಾಗಿಲು ತೆರೆದು ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಮತ್ತೊಂದು ಸುತ್ತು ಹೊರಟರು. ಅಪ್ಪ ಎಣ್ಣೆಯ ಕೈ ಸೀಟಿಗೆ ತಾಗಬಾರದೆಂದು ಎರಡೂ ಕೈ ಮೇಲೆತ್ತಿ ಹಿಡಿದಿದ್ದ. ಹಾಗೇ ಊರ ನಡುವಿನ ಬೀದಿಯಲ್ಲಿ ಹೋಗಿ ಬಂದ. ಅಷ್ಟರಲ್ಲಿ ಶಾಂತವ್ವ ಕಟ್ಟೆಯ ಮೇಲೆ ಸಾಲಿನ ಮೊದಲಿಗೆ ಬಂದು ಕೂತಿದ್ದಳು. ಎರಡು ತಿಂಗಳಿಗೆ ಅವಳಿಗೆ ಹೆಣ್ಣುಕೂಸಾಯಿತು, ತಾಯಿ ಮಗು ಇಬ್ಬರೂ ಸುಖ. ದಲಾಲ ಬರಿಗೈಯಲ್ಲಿ ಮುಂಬೈಗೆ ಹೋದ. ಮುಂದೆ ನಾನು ಸರಿಯಾದ ಕವಚ, ರಬ್ಬರು ತರಿಸುತ್ತೇನೆಂದಾಗ ಬಾಯಾರು ಬೇಡವೆಂದರು. ಆ ತೊಗಲಿನ ಮೇಲೆ ಕಾರು ಐದು ವರ್ಷ ಓಡಿತು. ಒಂದು ಸಲ ಅಪ್ಪ ಹೊಲಿಗೆ ಬಿಗಿಮಾಡಿದ್ದ, ಅಷ್ಟೇ.

ಫೋರ್‌ಮನ್ ಆದ ಮೇಲೆ ನನ್ನ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆ ಮಾಡಿದೆ. ಬಸ್ಸಿನ ಬಾನೆಟ್ ಎತ್ತುವ ಮೊದಲು ಅದನ್ನು ನಡೆಸುವ ಡ್ರೈವರನ್ನು, ತೊಳೆಯುವವನನ್ನು ಕೂಡಿಸಿಕೊಂಡು ಕೇಳಬೇಕು, ಬರೀ ಶಕ್ತಿಯನ್ನಲ್ಲ, ಗಾಡಿಯ ರೂಢಿಯನ್ನು. ನಮ್ಮ ಕೆಲಸ ಕೆಡುವುದು ತಿಳಿದವರು ಇಲ್ಲದ್ದರಿಂದಲ್ಲ. ಅವರು ಬೇಲಿಯ ಆಚೆ ನಿಂತಿರುತ್ತಾರೆ, ನಾವು ಕೇಳಿರುವುದಿಲ್ಲ.

ಆ ಕಾರಿನ ಕೆಲಸವಾದ ಎರಡು ವರ್ಷಕ್ಕೆ ಬಡ್ತಿಗಾಗಿ ಹೊಸ ಫಾರ್ಮು ತುಂಬುವಾಗ ಮತ್ತೆ ಅದೇ ಕಾಲಮ್ಮು ಬಂತು. ತಂದೆಯ ಉದ್ಯೋಗ: ಕಪಿಲೆಯ ಚೀಲ ಹೊಲಿಯುವುದು, ಇಂಜಿನ್ ಮೌಂಟಿಂಗ್ ತಯಾರಿಕೆ. ಓದಿದ ಗುಮಾಸ್ತ ಕನ್ನಡಕ ಸರಿಸಿ, "ಇದೇನ್ರೀ ಯಲ್ಲಪ್ಪ, ಚೇಷ್ಟಿ ಮಾಡಾಕತ್ತೀರೇನು?" ಎಂದರು.

"ಇಲ್ಲರಿ," ಎಂದೆ. "ಹಿಂದಿನ ಫಾರ್ಮಿನ್ಯಾಗ ಬರದಿದ್ದು ಚೇಷ್ಟಿ. ಇದು ಖರೇ."