ಎರಡು ಬೆರಳು ಬಟ್ಟೆ

ನನ್ನ ಅಕ್ಕ ದರ್ಜಿ. ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ, ಒಂದು ಹೊಲಿಗೆ ಮೆಷಿನ್, ಕೊರಳಲ್ಲಿ ಸದಾ ಅಳತೆಯ ಟೇಪು. ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಓದು ಬಿಟ್ಟು ಆ ಮೆಷಿನ್ ಮುಂದೆ ಕುಳಿತು ನನ್ನನ್ನು ಓದಿಸಿದಳು. ಅವಳ ಬಗ್ಗೆ ಬರೆಯಲು ಹೊರಟರೆ ನನ್ನ ಮಾನವೇ ಹೋಗುತ್ತದೆ. ಹೋಗಲಿ.

ನನಗೆ ಕೆಲಸ ಸಿಕ್ಕಾಗ ಆಫೀಸಿನ ಪತ್ರದಲ್ಲಿ ಒಂದು ಸಾಲಿತ್ತು: ಉಡುಪು ಬಿಸಿನೆಸ್ ಕ್ಯಾಷುವಲ್ ಆಗಿರಬೇಕು. ಹಾಗೆಂದರೇನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಕ್ಕ ಅಂಗಡಿಗೆ ಬೀಗ ಹಾಕಿ, ಎರಡು ದಿನ ಬೆಳಿಗ್ಗೆ ಆ ಆಫೀಸಿನ ಗೇಟಿನೆದುರು ನಿಂತು, ಒಳಹೋಗುವವರನ್ನೆಲ್ಲ ಕಣ್ಣಲ್ಲೇ ಅಳೆದಳು. ಯಾರು ಬೇಕಮ್ಮ ಎಂದು ವಾಚ್‌ಮನ್ ಕೇಳಿದ್ದಕ್ಕೆ, ಯಾರೂ ಬೇಡ, ಬಟ್ಟೆ ನೋಡ್ತಿದೀನಿ ಅಂದಳಂತೆ.

"ಗೊತ್ತಾಯ್ತು ಕಣೆ," ಅಂದಳು ಮನೆಗೆ ಬಂದು. "ಮದುವೆಗೆ ಹೊರಟ ಹಂಗೂ ಇರಬಾರದು, ತರಕಾರಿ ತರೋಕೆ ಹೊರಟ ಹಂಗೂ ಇರಬಾರದು. ಮಧ್ಯದಲ್ಲೆಲ್ಲೋ ನಿಲ್ಲಬೇಕು. ನಿಂಗೆ ಅದು ಕಷ್ಟ, ನಾನು ನಿಲ್ಲಿಸ್ತೀನಿ."

ಬೂದು ಬಣ್ಣದ, ಲೈನಿಂಗ್ ಇಲ್ಲದ ಹಗುರ ಕೋಟು ಹೊಲಿದಳು. ಭುಜ ಕೂತಿದ್ದು ನೋಡಿದರೆ ಕಣ್ಣು ತೆಗೆಯಲು ಮನಸ್ಸು ಬಾರದು. ಪಕ್ಕದ ಹೊಲಿಗೆಗಳ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಳು. ಏನೇ ಹೊಲಿದರೂ ಹಾಗೆ ಬಿಡುವುದು ಅವಳ ಪದ್ಧತಿ.

"ಕೂತು ಮಾಡೋ ಕೆಲಸ, ದಪ್ಪ ಆಗ್ತೀಯ. ಆಗ ಹೊಲಿಗೆ ಬಿಡಿಸಿಕೊಟ್ರೆ ಆಯ್ತು."

ಎರಡನೇ ವಾರ ಕೋಟನ್ನು ಕುರ್ಚಿಗೆ ತೂಗುಹಾಕಿದ್ದೆ. ಪಕ್ಕದ ಮೇಜಿನವಳು ಅದರ ಒಳಭಾಗ ನೋಡಿ ನಕ್ಕಳು. "ಇದೇನ್ರೀ ಒಳಗೆ ಇಷ್ಟೊಂದು ಬಟ್ಟೆ? ಮನೇಲಿ ಹೊಲಿದದ್ದಾ?"

"ಇಲ್ಲಪ್ಪ, ಶೋರೂಮಿಂದು," ಅಂದೆ.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುತ್ತಾರೆ. ಈ ಕತ್ತೆಗೆ ಚೆನ್ನಾಗಿ ಗೊತ್ತಿತ್ತು, ಅದೇ ನನ್ನ ಸಂಕಟ. ಅಂದು ಸಂಜೆಯೇ ಇನ್ನೊಬ್ಬ ದರ್ಜಿಯ ಬಳಿ ಹೋಗಿ ಒಳಗಿನ ಹೆಚ್ಚುವರಿ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿಸಿ, ಅಂಚು ಹೊಲಿಸಿಕೊಂಡು ಬಂದೆ.

ಭಾನುವಾರ ನನ್ನ ಬಟ್ಟೆಗಳಿಗೆ ಇಸ್ತ್ರಿ ಮಾಡುವವಳು ಅಕ್ಕನೇ. ಆ ಭಾನುವಾರ ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ಕೋಟಿಗೆ ಇಸ್ತ್ರಿ ಮಾಡಿ, ಮೊಳೆಗೆ ತೂಗುಹಾಕಿ, ಊಟಕ್ಕೆ ಕರೆದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಆಮೇಲೆ ಅವಳು ನನಗೇನೂ ಹೊಲಿಯಲಿಲ್ಲ. ಈಗೆಲ್ಲ ರೆಡಿಮೇಡೇ ಚೆಂದ ಅಂದಳು. ನನಗೂ ಅದೇ ಬೇಕಿತ್ತು.

ಹನ್ನೊಂದು ವರ್ಷದ ಮೇಲೆ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ಮೊದಲ ಸಭೆಗೆ ಆ ಬೂದು ಕೋಟನ್ನೇ ಹಾಕಿಕೊಂಡು ಹೋಗಿ, ಇದು ನಮ್ಮಕ್ಕ ಹೊಲಿದದ್ದು ಎಂದು ಎಲ್ಲರೆದುರು ಹೇಳಬೇಕೆಂದು ಆಸೆಯಾಯಿತು. ಹಾಕಿ ನೋಡಿದರೆ ಗುಂಡಿ ಕೂಡಲಿಲ್ಲ. ಅಕ್ಕನ ಅಂಗಡಿಗೆ ಓಡಿದೆ. ಕತ್ತರಿಸಿದ್ದು ನನಗೆ ಮರೆತೇ ಹೋಗಿತ್ತು. ತಪ್ಪು ಮಾಡಿದವರಿಗೆ ಮರೆವು ಬೇಗ.

"ಇದನ್ನ ಸ್ವಲ್ಪ ಬಿಡಿಸಿಕೊಡಕ್ಕ."

ಅವಳು ಕೋಟನ್ನು ತಿರುಗಿಸಿ ಕೂಡ ನೋಡಲಿಲ್ಲ. "ಎಲ್ಲಿಂದ ಬಿಡಿಸ್ಲಿ? ಆವತ್ತೇ ಕತ್ತರಿಸಿ ಹಾಕಿಸಿದ್ಯಲ್ಲ."

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ವಾರ ವಾರ ಇಸ್ತ್ರಿ ಮಾಡ್ದೋಳು ನಾನಲ್ವಾ?" ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ನಾಚಿಕೆ ಆಗಿದ್ರೆ ನಂಗೊಂದು ಮಾತು ಹೇಳಬೇಕಿತ್ತು ಕಣೆ. ನಾನೇ ನೀಟಾಗಿ ಕತ್ತರಿಸಿ ಕೊಡ್ತಿದ್ದೆ. ಆ ಪುಣ್ಯಾತ್ಮ ಅಂಚನ್ನ ಎಷ್ಟು ಸೊಟ್ಟಕ್ಕೆ ಹೊಲಿದಿದಾನೆ ನೋಡು."

ಮರುದಿನ ಕೊಂಡು ತಂದ ರೆಡಿಮೇಡ್ ಕೋಟು ಹಾಕಿಕೊಂಡು ಸಭೆಗೆ ಹೋದೆ. ಚೆನ್ನಾಗಿದೆ, ಎಲ್ಲಿಯದು ಎಂದು ಯಾರೋ ಕೇಳಿದರು. ಶೋರೂಮಿನದು ಅಂದೆ. ಈ ಸಲ ಅದು ನಿಜವಾಗಿತ್ತು.