ಸೂಜಿ, ಸುಳ್ಳು ಮತ್ತು ನಮ್ಮಕ್ಕ

ಹೋದ ವಾರ ಹೊನವಾಡದಲ್ಲಿ ನಮ್ಮಕ್ಕ ಒಬ್ಬ ನರ್ಸ್ ಮುಖದ ಮೇಲೆ ದಢಾರನೆ ಬಾಗಿಲು ಹಾಕಿದಳು. ನಾನು ಒಳಗೆ ಚಹಾ ಕುಡಿಯುತ್ತ ಕೂತಿದ್ದೆ.

ನರ್ಸ್ ಹೆಸರು ಸುರೇಖಾ. ಶಾಲೆ ಮಕ್ಕಳಿಗೆ ಧನುರ್ವಾಯು ಬಾರದಂತೆ ಚುಚ್ಚುಮದ್ದು ಕೊಡುವವಳು. ಅಕ್ಕನ ಮಗಳು ಭಾಗ್ಯಾ ಅಂದು ಶಾಲೆಗೆ ಬಂದಿಲ್ಲವೆಂದು ಸುರೇಖಾ ಮನೆಗೇ ಬಂದಿದ್ದಳು. (ಹುಡುಗಿ ತಪ್ಪಿಸಿರಲಿಲ್ಲ, ಅಕ್ಕನೇ ಮನೆಯಲ್ಲಿ ಕೂರಿಸಿಕೊಂಡಿದ್ದಳು.)

ಕಾರಣ? ವಾಟ್ಸಾಪ್. ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿದ ಹುಡುಗಿಯರ ಫೋಟೋ. ಕೆಳಗೆ, ‘ನಮ್ಮ ಜಿಲ್ಲೆಯಲ್ಲೇ ನಡೆದದ್ದು. ಈ ಸೂಜಿ ಚುಚ್ಚಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ. ಎಲ್ಲರಿಗೂ ಕಳಿಸಿ.’ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ನಾನೂ ನೋಡಿದ್ದೆ. ಸುಮ್ಮನಿದ್ದೆ. ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ನಾನು!

“ಅಕ್ಕಾ, ಇದು ಖರೇ ಅಂತ ಯಾರ ಹೇಳ್ಯಾರ?”

“ಊರ ಮಂದೆಲ್ಲಾ ಹೇಳಾಕತ್ತಾರ. ಎಲ್ಲಾರೂ ಹುಚ್ಚರೇನ?”

ಎಲ್ಲರೂ ಹೇಳಿದರೆ ಸುಳ್ಳು ಸತ್ಯವಾಗುತ್ತದೆಯೇ?

“ಮತ್ತ ಬಾಜೂ ಮನಿ ಹುಡುಗಿಗೆ ಸೂಜಿ ಮಾಡಿದ ಮರುದಿನಾನ ಜ್ವರಾ ಬಂದಾವ.”

ಒಂದು ದಿನದ ಜ್ವರಕ್ಕೂ ಬಂಜೆತನಕ್ಕೂ ಎಲ್ಲಿಯ ನಂಟು? ಕೊನೆಗೆ ಬಂತು ನೋಡಿ ಬ್ರಹ್ಮಾಸ್ತ್ರ.

“ಆ ನರ್ಸ್ ಗಂಡನ್ನ ಬಿಟ್ಟಾಕಿ. ಆಕಿ ಮಾತ ಏನ ನಂಬ್ತಿ ಬೇ?”

ನನಗೆ ಮೈಯೆಲ್ಲ ಉರಿಯಿತು. ವಾದ ಸೋತಾಗ ಹೆಂಗಸಿನ ನಡತೆಗೆ ಕೈ ಹಾಕುವುದು ನಮಗೆ ಎಷ್ಟು ಸಲೀಸು! ಹೊರಗೆ ಬಂದರೆ ಸುರೇಖಾ ಸ್ಕೂಟಿ ಪಕ್ಕ ನಿಂತಿದ್ದಳು. ಸೀಟನ್ನು ಯಾರೋ ಬ್ಲೇಡಿನಿಂದ ಸೀಳಿದ್ದರು. “ಇದು ಎರಡನೇ ಸಲರಿ,” ಎಂದಳು. ಅಳಲಿಲ್ಲ. ಲಸಿಕೆಯ ಐಸ್ ಪೆಟ್ಟಿಗೆ ಸರಿಯಾಗಿ ಕಟ್ಟಿಕೊಂಡು ಹೋದಳು.

ಮರುದಿನ ನಾನಿರುವ ವಿಜಯಪುರದ ಗ್ರಂಥಾಲಯಕ್ಕೆ ಹೋದೆ. ಗ್ರಂಥಪಾಲಕ ದಸ್ತಗೀರ್ ಸರ್‌ಗೆ ಫೋಟೋ ತೋರಿಸಿದೆ.

“ಹುಡುಗ್ಯಾರನ್ನ ಆಮ್ಯಾಲ ನೋಡೂಣ್ರಿ ಮೇಡಂ. ಮೊದಲ ಹಿಂದಿನ ಗ್ವಾಡಿ ನೋಡ್ರಿ.”

ಗೋಡೆಯ ಮೇಲಿನ ಬೋರ್ಡು ಕನ್ನಡದ್ದೇ ಅಲ್ಲ! ಅವರು ಕಂಪ್ಯೂಟರಿಗೆ ಫೋಟೋ ಹಾಕಿ, ಅದು ಮೊದಲು ಎಲ್ಲಿ ಬಂದಿತ್ತೆಂದು ಹುಡುಕಿದರು. ಬೇರೆ ರಾಜ್ಯ, ಹಲವು ವರ್ಷ ಹಿಂದಿನದು. ಅಷ್ಟಕ್ಕೇ ಬಿಡಲಿಲ್ಲ. ಆ ತಿಂಗಳ ಪತ್ರಿಕೆಗಳ ಬೈಂಡ್ ಮಾಡಿದ ಕಟ್ಟು ತೆಗೆದು ಇಬ್ಬರೂ ಪುಟ ತಿರುವಿದೆವು. ಸಿಕ್ಕಿತು, ಒಳಪುಟದ ಸಣ್ಣ ಸುದ್ದಿ. ಹಾಸ್ಟೆಲ್ಲಿನ ಕೆಟ್ಟ ಊಟದಿಂದ ವಾಂತಿಭೇದಿ, ಎಲ್ಲರೂ ಗುಣಮುಖರಾಗಿ ಮನೆಗೆ. ಸೂಜಿಯ ಮಾತೇ ಇಲ್ಲ. ಒಂದು ತಾಸಿನ ಕೆಲಸ. ಇಷ್ಟನ್ನು ಯಾರೂ ಮಾಡಿರಲಿಲ್ಲ.

ಆ ಸುದ್ದಿಯ ಜೆರಾಕ್ಸ್ ಹಿಡಿದು ತಿಕೋಟಾ ದಾರಿಯಾಗಿ ಹೊನವಾಡಕ್ಕೆ ಹೋಗುವ ಬಸ್ಸು ಹತ್ತಿದೆ. ಅಕ್ಕ ಎರಡು ಸಲ ಓದಿದಳು. ಮುಖ ಸಣ್ಣದಾಯಿತು.

“ನಾನೂ ಮೂರ ಗ್ರೂಪಿಗೆ ಕಳಿಸೇನಿ,” ಎಂದಳು.

“ಹಂಗಾರ ಇದನ್ನೂ ಕಳಿಸು.”

“ಹುಚ್ಚೀ ಅದೀಯೇನ? ಮಂದಿ ಏನಂದಾರು!”

ನಿನ್ನೆ ಅಕ್ಕ ಭಾಗ್ಯಾಳನ್ನು ವಿಜಯಪುರಕ್ಕೆ ಕರೆತಂದು, ಯಾರಿಗೂ ಗೊತ್ತಾಗದಂತೆ ಖಾಸಗಿ ಡಾಕ್ಟರ ಬಳಿ ಅದೇ ಸೂಜಿ ಹಾಕಿಸಿ ಕರೆದುಕೊಂಡು ಹೋದಳು. ಜೆರಾಕ್ಸಿನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದವಳು ನಾನೇ. ಎಲ್ಲರೂ ಓದಿದ್ದಾರೆ, ಒಬ್ಬರ ಉತ್ತರವೂ ಇಲ್ಲ. ಸುರೇಖಾ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದಾಳಂತೆ.

ನಮ್ಮ ಮಗಳಿಗೆ ಸೂಜಿ ಬೇಕು, ಸರಿ. ಸುರೇಖಾಗೆ ‘ತಪ್ಪಾತವ್ವಾ’ ಅನ್ನುವ ಒಂದು ಮಾತು ಬೇಡವೇ?